ರಾಧೇಯನಿಗೆ ನಮ್ಮ ಕನಿಕರ ಬೇಕಿಲ್ಲ

ಹೋದ ತಿಂಗಳು ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಮ್ಮ ಎದುರು ಸಾಲಿನಲ್ಲಿ ಒಬ್ಬ ತಾಯಿ ತನ್ನ ಆರು ವರ್ಷದ ಮಗನಿಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ಆ ಮಗುವನ್ನು ದಂಪತಿಗಳು ದತ್ತು ತೆಗೆದುಕೊಂಡದ್ದು ಬಳಗಕ್ಕೆಲ್ಲ ತಿಳಿದ ಸಂಗತಿ. ಅವರೇನೂ ಅದನ್ನು ಮುಚ್ಚಿಟ್ಟವರಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಸಜ್ಜನರೇ, ಆ ಮಗುವನ್ನು ನೋಡಿ, "ಪಾಪ, ಕರ್ಣನ ಹಾಗೆ ಕಣಯ್ಯಾ. ನಿಜವಾದ ತಾಯಿ ಎಲ್ಲಿದ್ದಾಳೋ ಏನೋ" ಎಂದರು. ಕಿವಿ ಸ್ವಲ್ಪ ಮಂದವಾದವರು ಮಾತನ್ನು ಎಷ್ಟು ಗಟ್ಟಿಯಾಗಿ ಆಡುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಹುಡುಗ ತಲೆಯೆತ್ತಿ ನಮ್ಮ ಕಡೆ ನೋಡಿದ. ತಾಯಿ ಮಾತ್ರ ತಲೆಯೆತ್ತಲಿಲ್ಲ. ಅವಳ ಕೈಯಲ್ಲಿದ್ದ ತುತ್ತು ಕ್ಷಣಕಾಲ ಹಾಗೆಯೇ ನಿಂತಿತು.

ನಾನು ಆಗ ಏನಾದರೂ ಹೇಳಬೇಕಾಗಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಸುಮ್ಮನಾದೆ. ಪಂಕ್ತಿಯಲ್ಲಿ ವಾದಕ್ಕೆ ಇಳಿಯುವುದು ಉಚಿತವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ನಿಂತು ಮಾತನಾಡಿದವನಿಗೆ ಮಾತು ಬೇಕಾದ ಹೊತ್ತಿನಲ್ಲಿ ಬಾಯಿ ಕಟ್ಟಿತು. ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ. ಆ ಹಿರಿಯರೂ ಇದನ್ನು ಓದುತ್ತಾರೆಂದು ಬಲ್ಲೆ. ಅವರು ಬೇಸರಿಸಬಾರದು. ಅವರಿಗಿಂತ ದೊಡ್ಡ ಅಪರಾಧಿ ನಾನೇ ಎಂಬುದು ಮುಂದೆ ತಿಳಿಯುತ್ತದೆ.

ಕರ್ಣನ ಜನನದ ಕಥೆಯನ್ನು ನಾವೆಲ್ಲರೂ ಒಂದೇ ರಾಗದಲ್ಲಿ ಹೇಳುತ್ತ ಬಂದಿದ್ದೇವೆ. ಹುಟ್ಟಿನಿಂದ ಕ್ಷತ್ರಿಯ, ಸೂರ್ಯನ ಮಗ, ಪಾಂಡವರ ಅಣ್ಣ, ಹಸ್ತಿನಾವತಿಯ ಸಿಂಹಾಸನಕ್ಕೆ ಹಕ್ಕುದಾರ. ಅಂಥವನು ವಿಧಿವಶದಿಂದ ಸೂತನ ಮನೆಗೆ ಬಿದ್ದ, ಅಯ್ಯೋ! ಹರಿಕಥೆಯಲ್ಲಿ ಇದೇ ರಾಗ, ಕಂಪನಿ ನಾಟಕದಲ್ಲಿ ಇದೇ ರಾಗ. 1964ರಲ್ಲಿ ನಮ್ಮ ಬಿ.ಆರ್. ಪಂತುಲು ಅವರು ತಮಿಳಿನಲ್ಲಿ 'ಕರ್ಣನ್' ತೆಗೆದ ಮೇಲೆ, 1967ರಲ್ಲಿ ಮರಾಠಿಯ ಶಿವಾಜಿ ಸಾವಂತರ 'ಮೃತ್ಯುಂಜಯ' ಬಂದು ಅನೇಕ ಭಾಷೆಗಳಿಗೆ ಹೋದ ಮೇಲೆ, 1988ರಿಂದ ಎರಡು ವರ್ಷ ದೂರದರ್ಶನದಲ್ಲಿ ಮಹಾಭಾರತ ಧಾರಾವಾಹಿ ಬಂದು ಭಾನುವಾರದ ಬೆಳಗ್ಗೆ ಬೀದಿಗಳು ಬಿಕೋ ಎಂದ ಮೇಲೆ, ಕರ್ಣನಿಗಾಗಿ ಕಣ್ಣೀರಿಡುವುದು ಸಹೃದಯತೆಯ ಲಕ್ಷಣವೇ ಆಗಿಹೋಯಿತು. ಈಗ ಮೊಬೈಲಿನಲ್ಲಿ ದಿನ ಬೆಳಗಾದರೆ ಕರ್ಣನ ಹೆಸರಿನ ಸುಭಾಷಿತಗಳು ಬಂದು ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಕರ್ಣ ಕನಸಿನಲ್ಲಿಯೂ ನುಡಿದವನಲ್ಲ.

ಈ ಅಯ್ಯೋ ಪಾಪದ ಒಳಗೆ ಏನಿದೆ ಎಂದು ನಾವು ಒಮ್ಮೆಯಾದರೂ ಬಿಡಿಸಿ ನೋಡಿದ್ದೇವೆಯೇ? "ಅವನು ನಿಜವಾಗಿ ಕ್ಷತ್ರಿಯ, ಆದರೂ ಅವನನ್ನು ಸೂತಪುತ್ರನೆಂದು ಹೀಯಾಳಿಸಿದರು" ಎಂದು ಮರುಗುತ್ತೇವೆ. ಹಾಗಾದರೆ ಅವನು ನಿಜವಾಗಿಯೂ ಸೂತನ ಮಗನೇ ಆಗಿದ್ದರೆ? ಆಗ ಆ ಹೀಯಾಳಿಕೆ ನ್ಯಾಯವಾಗಿರುತ್ತಿತ್ತೆ? ನಮ್ಮ ದುಃಖ ಅವಮಾನದ ಬಗ್ಗೆ ಅಲ್ಲ, ಅವಮಾನದ ವಿಳಾಸ ತಪ್ಪಿದ್ದರ ಬಗ್ಗೆ. ಭೀಮ ಆಡಿದ ಮಾತನ್ನೇ ನಾವು ಕಣ್ಣೀರು ಬೆರೆಸಿ ಮತ್ತೆ ಆಡುತ್ತಿದ್ದೇವೆ.

ನಾನೂ ಹೀಗೆಯೇ ಹೇಳಿಕೊಂಡು ಬಂದವನು. ನಿವೃತ್ತಿಯಾದ ಮೇಲೆ ಬಿಡುವು ಸಿಕ್ಕಿ, ಮೂಲ ಶ್ಲೋಕವನ್ನೂ ಕನ್ನಡ ಅನುವಾದವನ್ನೂ ಎದುರಿಗೆ ಇಟ್ಟುಕೊಂಡು ವನಪರ್ವದ ಕುಂಡಲಾಹರಣದ ಭಾಗವನ್ನು ನಿಧಾನವಾಗಿ ಓದಿದಾಗ ನನಗೆ ನಾಚಿಕೆಯಾಯಿತು. ವ್ಯಾಸರು ಹೇಳಿದ್ದೇನು, ನಾವು ಹೇಳುತ್ತಿರುವುದೇನು!

ಕನ್ಯೆಯಾಗಿದ್ದ ಕುಂತಿ ಮಗುವನ್ನು ಮೇಣ ಬಳಿದ ಪೆಟ್ಟಿಗೆಯಲ್ಲಿ ಮೆತ್ತನೆಯ ಹಾಸಿನ ಮೇಲೆ ಮಲಗಿಸಿ ಅಶ್ವನದಿಯಲ್ಲಿ ಬಿಟ್ಟಳು. ಪೆಟ್ಟಿಗೆ ಅಶ್ವನದಿಯಿಂದ ಚರ್ಮಣ್ವತಿಗೆ, ಎಂದರೆ ಇಂದಿನ ಚಂಬಲ್ ನದಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ಸೇರಿ ಅಂಗದೇಶದ ಚಂಪಾಪುರಿಯನ್ನು ಮುಟ್ಟಿತು. ಈಗಿನ ಬಿಹಾರದ ಭಾಗಲಪುರದ ಸೀಮೆ ಅದು. ಇಷ್ಟು ನಮಗೆಲ್ಲ ಗೊತ್ತು. ಪೆಟ್ಟಿಗೆಯನ್ನು ನೀರಿಗೆ ಬಿಡುವ ಮುನ್ನ ಕುಂತಿ ಆಡುವ ಮಾತುಗಳಿವೆಯಲ್ಲ, ಅವನ್ನು ನಾವು ಯಾರೂ ಹೇಳುವುದಿಲ್ಲ. ಮಗುವಿಗೆ ಹರಸಿ ದೇವತೆಗಳನ್ನು ಬೇಡಿಕೊಂಡ ಮೇಲೆ ಅವಳು, ನಿನ್ನನ್ನು ಮಗನೆಂದು ಎತ್ತಿಕೊಳ್ಳುವ ಆ ಹೆಣ್ಣು ಧನ್ಯೆ, ಬಾಯಾರಿದ ನೀನು ಅವಳ ಎದೆಹಾಲು ಕುಡಿಯುವೆ, ಧೂಳು ಮೆತ್ತಿದ ಮೈಯಲ್ಲಿ ನೀನು ಅಂಬೆಗಾಲಿಡುವುದನ್ನೂ ತೊದಲುವುದನ್ನೂ ಅವಳು ನೋಡುವಳು ಎಂಬ ಅರ್ಥ ಬರುವ ಹಾಗೆ ಹೇಳುತ್ತಾಳೆ. ಹೆತ್ತವಳೇ ಸಾಕುವವಳನ್ನು ಕಾಣದೆಯೇ ಧನ್ಯೆ ಎಂದು ಕರೆದಳು. ನಾವು, ಮೂರನೆಯವರು, ಆ ಧನ್ಯೆಯ ಮನೆಗೆ ಮಗು ಸೇರಿದ್ದನ್ನು ದುರ್ಗತಿ ಎನ್ನುತ್ತೇವೆ!

ಇನ್ನು ಆ ಮನೆಯ ವಿಚಾರ. ಅಧಿರಥನೆಂದರೆ ಧೃತರಾಷ್ಟ್ರನ ಗೆಳೆಯ. ಅವನ ಹೆಂಡತಿ ರಾಧೆ ಮಕ್ಕಳಿಗಾಗಿ ಹಂಬಲಿಸಿ ನಾನಾ ಪ್ರಯತ್ನಗಳನ್ನು ಮಾಡಿದವಳು. ಗಂಗೆಯಲ್ಲಿ ತೇಲಿ ಬಂದ ಪೆಟ್ಟಿಗೆಯನ್ನು ಮೊದಲು ಕಂಡವಳು ಅವಳು. ಕುತೂಹಲದಿಂದ ದಡಕ್ಕೆ ತರಿಸಿದವಳೂ ಅವಳೇ. ಅಧಿರಥ ಮುಚ್ಚಳ ತೆಗೆದಾಗ ಒಳಗೆ ಎಳೆಯ ಸೂರ್ಯನ ಹಾಗೆ ಹೊಳೆಯುವ ಮಗು. ದೇವರೇ ಕೊಟ್ಟ ಮಗನೆಂದು ಇಬ್ಬರೂ ಎತ್ತಿಕೊಂಡರು. ವಿಧಿಪೂರ್ವಕವಾಗಿ ಸಂಸ್ಕಾರಗಳಾದವು, ವಸುಷೇಣನೆಂದು ಹೆಸರಾಯಿತು. ಆಮೇಲೆ ಅವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಆದರು. ಹಾಗೆಂದು ಹಿರಿಯ ಮಗನ ಸ್ಥಾನಕ್ಕೆ ಚ್ಯುತಿ ಬರಲಿಲ್ಲ. ಹುಡುಗ ಬೆಳೆದಾಗ ಅಧಿರಥ ಅವನನ್ನು ಹಸ್ತಿನಾಪುರಕ್ಕೆ ಕಳುಹಿಸಿದ. ಅಲ್ಲಿ ದ್ರೋಣರಿಂದ, ಕೃಪರಿಂದ, ಮುಂದೆ ಪರಶುರಾಮರಿಂದ ಅವನು ವಿದ್ಯೆ ಕಲಿತ.

ಈ ಕೊನೆಯ ವಾಕ್ಯವನ್ನು ಓದಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. "ದ್ರೋಣರು ಕರ್ಣನನ್ನು ಸೂತಪುತ್ರನೆಂದು ಶಾಲೆಗೇ ಸೇರಿಸಲಿಲ್ಲವಲ್ಲ ಸಾರ್, ನೀವೇ ಹೇಳಿದ್ದಿರಿ?" ಹೌದು, ನಾನೇ ಹೇಳಿದ್ದೆ. ತಪ್ಪು ಹೇಳಿದ್ದೆ. ಆದಿಪರ್ವದಲ್ಲಿ ದ್ರೋಣರ ಬಳಿಗೆ ಕಲಿಯಲು ಬಂದವರ ನಡುವೆ ರಾಧೇಯನ ಹೆಸರು ಸ್ಪಷ್ಟವಾಗಿದೆ. ಅಲ್ಲಿಯೇ ಅವನು ಅರ್ಜುನನೊಡನೆ ಸ್ಪರ್ಧೆಗೆ ನಿಂತದ್ದು, ದುರ್ಯೋಧನನ ಪಕ್ಷ ಸೇರಿದ್ದು. ದ್ರೋಣರು ಹೊರಗಟ್ಟಿದ್ದು ಏಕಲವ್ಯನನ್ನು. ನಿಷಾದನೆಂಬ ಕಾರಣಕ್ಕೆ ಅವನಿಗೆ ವಿದ್ಯೆ ನಿರಾಕರಿಸಿ, ಆಮೇಲೆ ಹೆಬ್ಬೆರಳನ್ನೂ ಕೇಳಿದರು. ಆ ಅನ್ಯಾಯಕ್ಕೆ ಮುಚ್ಚುಮರೆ ಇಲ್ಲ. ನಾವು ಏಕಲವ್ಯನ ಕಥೆಯ ಒಂದು ತುಂಡನ್ನು ಹರಿದು ಕರ್ಣನ ಕಥೆಗೆ ತೇಪೆ ಹಾಕಿದ್ದೇವೆ. ಕರ್ಣನಿಗೆ ದ್ರೋಣರು ನಿರಾಕರಿಸಿದ್ದು ಬ್ರಹ್ಮಾಸ್ತ್ರವನ್ನು. ಅದನ್ನು ಶಾಂತಿಪರ್ವದಲ್ಲಿ ನಾರದರು ಯುಧಿಷ್ಠಿರನಿಗೆ ಹೇಳುತ್ತಾರೆ. ಅರ್ಜುನನ ಮೇಲಿನ ಪಕ್ಷಪಾತದಿಂದಲೂ ಕರ್ಣನ ಉದ್ದೇಶ ತಿಳಿದುದರಿಂದಲೂ ಅವರು, ವ್ರತಸ್ಥನಾದ ಬ್ರಾಹ್ಮಣನಿಗೆ ಇಲ್ಲವೆ ತಪಸ್ವಿಯಾದ ಕ್ಷತ್ರಿಯನಿಗೆ ಮಾತ್ರ ಅದು ಸಲ್ಲುವುದೆಂದು ಹೇಳಿ ಕಳುಹಿಸಿದರು. ಜಾತಿಯ ಮಾತು ಅಲ್ಲಿಯೂ ಇದೆ. ಕುಲದ ಹೆಸರಿನ ಅವಮಾನಗಳು ಕರ್ಣನಿಗೆ ಬೇಕಾದಷ್ಟು ಆಗಿವೆ, ನಾವು ಹೊಸದನ್ನು ಕಟ್ಟಬೇಕಾಗಿಲ್ಲ. ಆದರೆ ಗಾಡಿಯವನ ಮಗ ರಾಜಕುಮಾರರ ಗುರುಗಳ ಬಳಿಯೇ ಕಲಿತನೆಂಬುದನ್ನು ಅಳಿಸಿಬಿಟ್ಟರೆ, ಮಗನನ್ನು ದೂರದ ರಾಜಧಾನಿಗೆ ಓದಲು ಕಳುಹಿಸಿದ ಆ ತಂದೆಯ ಶ್ರಮವನ್ನೇ ಅಳಿಸಿದ ಹಾಗೆ. ಮಕ್ಕಳನ್ನು ಓದಿಸಲೆಂದು ಊರು ಬಿಟ್ಟು ಊರಿಗೆ ಕಳುಹಿಸಿದ ತಂದೆತಾಯಿಯರನ್ನು ಶಾಲೆಯ ಬಾಗಿಲಲ್ಲಿ ನಿಂತು ಕಂಡವನು ನಾನು. ಅಧಿರಥ ನನಗೆ ಅವರಲ್ಲಿ ಒಬ್ಬನ ಹಾಗೆಯೇ ಕಾಣುತ್ತಾನೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಮಗು ಅಂಗದೇಶದಲ್ಲಿ ಬೆಳೆಯುತ್ತಿರುವುದು ಕುಂತಿಗೆ ಚಾರರ ಮೂಲಕ ತಿಳಿದಿತ್ತೆಂದು ವ್ಯಾಸರು ಅದೇ ವನಪರ್ವದಲ್ಲಿ ಹೇಳುತ್ತಾರೆ. ಪರೀಕ್ಷಾರಂಗದಲ್ಲಿ ಕವಚಕುಂಡಲಗಳನ್ನು ಕಂಡು ಥಟ್ಟನೆ ಗುರುತು ಹಿಡಿದಳೆಂದಲ್ಲವೆ ನಾವು ನಾಟಕ ಆಡಿಸುವುದು? ಅವಳಿಗೆ ಮೊದಲೇ ತಿಳಿದಿತ್ತು. ನಾನು ಕುಂತಿಯನ್ನು ಬೈಯಲು ಹೊರಟವನಲ್ಲ. ಅವಳೂ ಸಾಕುಮಗಳೇ ಎಂಬುದನ್ನು ಮರೆಯಬಾರದು. ಶೂರರಾಜ ತನ್ನ ಚೊಚ್ಚಲ ಮಗಳು ಪೃಥೆಯನ್ನು ಮಕ್ಕಳಿಲ್ಲದ ಕುಂತಿಭೋಜನಿಗೆ ಮಾತು ಕೊಟ್ಟಂತೆ ಕೊಟ್ಟುಬಿಟ್ಟ. ಉದ್ಯೋಗಪರ್ವದಲ್ಲಿ, ಮಕ್ಕಳನ್ನು ವನವಾಸಕ್ಕೆ ಕಳೆದುಕೊಂಡು ಮುದುಕಿಯಾದ ಕುಂತಿ ಕೃಷ್ಣನ ಮುಂದೆ ದುಃಖ ತೋಡಿಕೊಳ್ಳುವಾಗ, ಚೆಂಡು ಹಿಡಿದು ಆಡುತ್ತಿದ್ದ ತನ್ನನ್ನು ತಂದೆ ಗೆಳೆಯನಿಗೆ ಕೊಟ್ಟುಬಿಟ್ಟನೆಂದು ತವರಿನವರನ್ನೇ ದೂರುತ್ತಾಳೆ. ಎಷ್ಟು ವರ್ಷದ ಹಳೆಯ ನೋವು! ಕೈಯಲ್ಲಿದ್ದ ಚೆಂಡು ಕೂಡ ಅವಳಿಗೆ ಮರೆತಿಲ್ಲ. ಸಾಕುಮಕ್ಕಳ ಮನಸ್ಸಿನಲ್ಲಿ ನೋವೇ ಇರುವುದಿಲ್ಲವೆಂದು ನಾನು ಹೇಳುತ್ತಿಲ್ಲವೆಂಬುದಕ್ಕೆ ಈ ಮಾತು ತಂದೆ. ನೋವು ಇರಬಹುದು. ಅದನ್ನು ಹೇಳಿಕೊಳ್ಳುವ ಹಕ್ಕು ಅವರದು. ಊಟದ ಪಂಕ್ತಿಯಲ್ಲಿ ಕುಳಿತ ನಮ್ಮದಲ್ಲ.

ಮಹಾಭಾರತದಲ್ಲಿ ಹೆತ್ತ ಮನೆಯಲ್ಲಿಯೇ ಬೆಳೆದವರು ಎಷ್ಟು ಜನ, ಎಣಿಸಿ ನೋಡೋಣ. ಸತ್ಯವತಿ ಮೀನಿನ ಹೊಟ್ಟೆಯಲ್ಲಿ ಸಿಕ್ಕಿ ಬೆಸ್ತರ ಒಡೆಯನ ಮನೆಯಲ್ಲಿ ಬೆಳೆದವಳು. ದ್ರೋಣರು ಹುಟ್ಟಿದ್ದು ಕಲಶದಲ್ಲಿ. ಕೃಪ ಮತ್ತು ಕೃಪಿ ಜೊಂಡಿನ ನಡುವೆ ಸಿಕ್ಕ ಅವಳಿ ಮಕ್ಕಳು. ಬೇಟೆಗೆ ಹೋದ ಶಂತನು ಕೃಪೆಯಿಂದ ಎತ್ತಿ ತಂದು ಸಾಕಿದ್ದರಿಂದಲೇ ಅವರಿಗೆ ಆ ಹೆಸರು. ಪಾಂಡವರಾದರೋ ಐವರಲ್ಲಿ ಒಬ್ಬನೂ ಪಾಂಡುವಿನಿಂದ ಹುಟ್ಟಿದವನಲ್ಲ. ಆದರೂ ಅವರು ಪಾಂಡವರೇ. ಧರ್ಮರಾಜನನ್ನು ಕಂಡು "ಪಾಪ, ನಿಜವಾದ ತಂದೆ ಯಮಧರ್ಮ, ಪಾಂಡುವಿನ ಮನೆಯಲ್ಲಿ ಬೆಳೆಯಬೇಕಾಯಿತು" ಎಂದು ಯಾರಾದರೂ ಮರುಗಿದ್ದುಂಟೆ? ಸಾಕಿದವನು ಅರಸನಾದರೆ ಅವನು ತಂದೆ. ಸಾಕಿದವನು ಸಾರಥಿಯಾದರೆ ಅವನು ಬರಿಯ ಸಾಕಿದವನು. ಇದಲ್ಲವೆ ನಮ್ಮ ಕನಿಕರದ ಲೆಕ್ಕಾಚಾರ?

ಪರೀಕ್ಷಾರಂಗದಲ್ಲಿ ಎದ್ದು ನಿಂತು ಕರ್ಣನ ಕುಲ ಯಾವುದೆಂದು ಕೇಳಿದವರು ಯಾರು? ಜೊಂಡಿನಲ್ಲಿ ಸಿಕ್ಕ ಕೃಪಾಚಾರ್ಯರು! ವ್ಯಾಸರ ವ್ಯಂಗ್ಯ ಇಷ್ಟು ಸೂಕ್ಷ್ಮ. ದುರ್ಯೋಧನ ಅದನ್ನು ಬಿಡಲಿಲ್ಲ. ಶೂರರ ಮತ್ತು ನದಿಗಳ ಮೂಲ ಹುಡುಕಬಾರದೆಂದು ಹೇಳಿ, ದ್ರೋಣ ಕೃಪರ ಜನನವನ್ನೂ ಎತ್ತಿ ಆಡಿದ. ಅಲ್ಲಿಯವರೆಗೆ ಅವನ ವಾದ ಸೊಗಸು. ಆಮೇಲೆ ಅವನೂ ಜಾರಿದ. ಸೂರ್ಯನಂತೆ ಬೆಳಗುವ ಈ ಹುಲಿಯನ್ನು ಜಿಂಕೆ ಹೆರಲು ಸಾಧ್ಯವೇ ಎಂದುಬಿಟ್ಟ. ಗೆಳೆಯನನ್ನು ಹೊಗಳುವ ಭರದಲ್ಲಿ ಗೆಳೆಯನ ತಾಯಿಯನ್ನು ಜಿಂಕೆ ಮಾಡಿದ. ಇವನಲ್ಲಿ ಗುಣವಿದೆ, ಆದ್ದರಿಂದ ಇವನು ಆ ಮನೆಯವನಾಗಿರಲಾರ ಎಂಬ ಮಾತದು. ಕರ್ಣನ ಅಭಿಮಾನಿಗಳೆಲ್ಲ ಇಂದಿಗೂ ದುರ್ಯೋಧನನ ಈ ವಾದವನ್ನೇ ನಂಬಿ ಕುಳಿತಿದ್ದಾರೆ.

ಪರಶುರಾಮರೂ ಅಷ್ಟೆ. ತೊಡೆಯನ್ನು ಹುಳು ಕೊರೆದರೂ ಗುರುವಿನ ನಿದ್ರೆ ಕೆಡಬಾರದೆಂದು ಅಲುಗದೆ ಕುಳಿತ ಶಿಷ್ಯನನ್ನು ಕಂಡು, ಇಂಥ ಸಹನೆ ಬ್ರಾಹ್ಮಣನದಲ್ಲ, ಕ್ಷತ್ರಿಯನದು ಎಂದರು. ಕರ್ಣ ತಾನು ಸೂತನೆಂದು, ರಾಧೇಯನೆಂದು ತನಗೆ ತಿಳಿದ ಸತ್ಯವನ್ನೇ ಹೇಳಿದ. ಸೂತನಿಗೆ ಸಹನೆ ಇರಬಾರದೆ? ಬಿಸಿಲು ಮಳೆ ಎನ್ನದೆ ಕುದುರೆಗಳ ಹಿಂದೆ ಕುಳಿತು ಇನ್ನೊಬ್ಬರ ಪ್ರಾಣ ಕಾಯುವವನಿಗಿಂತ ಸಹನೆ ಇನ್ನಾರಿಗೆ ಬೇಕು? ಕವಚದ ಕಾಂತಿ ಸೂರ್ಯನಿಂದ ಬಂತು, ಸಹನೆ ಕ್ಷತ್ರಿಯ ರಕ್ತದಿಂದ ಬಂತು, ದಾನಬುದ್ಧಿಯೂ ದೇವಾಂಶದಿಂದಲೇ ಬಂತು. ಹಾಲು ಕೊಟ್ಟು, ಉಚ್ಚೆ ಬಳಿದು, ಮಾತು ಕಲಿಸಿದ ರಾಧೆಯಿಂದ ಏನೂ ಬರಲಿಲ್ಲವೇ?

ಸೂತರೆಂದರೆ ಯಾರು ಎಂಬುದೂ ನಮಗೆ ಮರೆತಿದೆ. ರಥ ನಡೆಸುವವರು ಅವರು, ಅರಸರ ವಂಶಕಥೆಗಳನ್ನು ಕಂಠದಲ್ಲಿ ಕಾಪಾಡಿಕೊಂಡು ಬಂದವರೂ ಅವರು. ಧೃತರಾಷ್ಟ್ರನಿಗೆ ಯುದ್ಧವನ್ನೂ ಗೀತೆಯನ್ನೂ ಕೇಳಿಸಿದ ಸಂಜಯ ಸೂತ. ನೈಮಿಶಾರಣ್ಯದಲ್ಲಿ ಋಷಿಗಳನ್ನು ಕೂರಿಸಿಕೊಂಡು ಮಹಾಭಾರತವನ್ನು ಹೇಳಿದ ಉಗ್ರಶ್ರವ ಸೌತಿ ಸೂತ. ಸೂತನ ಬಾಯಿಂದ ಭಾರತ ಕೇಳಿ ಸೂತನ ಮನೆಯನ್ನು ಕೀಳೆನ್ನುವುದು ಎಂಥ ಕೃತಘ್ನತೆ!

ಅಂಗರಾಜ್ಯದ ಅಭಿಷೇಕವಾದ ಆ ಗಳಿಗೆಯನ್ನು ನೆನೆಯಿರಿ. ಕರ್ಣನ ತಲೆಯ ಮೇಲಿನ ಮಂತ್ರಜಲ ಇನ್ನೂ ಆರಿಲ್ಲ. ಅಷ್ಟರಲ್ಲಿ ಕೋಲೂರಿಕೊಂಡು, ಬೆವೆತು, ನಡುಗುತ್ತ, ಜಾರುವ ಉತ್ತರೀಯದಲ್ಲಿ ಅಧಿರಥ ರಂಗಕ್ಕೆ ಬಂದ. ಅರಸನಾಗಿ ಅರೆಗಳಿಗೆಯೂ ಆಗದ ಮಗ ಬಯಸಿದ್ದರೆ ಮುಖ ತಿರುಗಿಸಬಹುದಿತ್ತು. ಸಾವಿರಾರು ಕಣ್ಣುಗಳ ಮುಂದೆ ಅವನು ಬಿಲ್ಲನ್ನು ಬಿಟ್ಟು, ಒದ್ದೆ ತಲೆಯನ್ನು ಬಾಗಿಸಿ ತಂದೆಗೆ ನಮಸ್ಕರಿಸಿದ. ಮುದುಕ ಗಾಬರಿಯಿಂದ ತನ್ನ ಪಾದಗಳನ್ನು ಸೆರಗಿನ ಅಂಚಿನಿಂದ ಮುಚ್ಚಿಕೊಂಡ. ಮಗ ಈಗ ರಾಜನಲ್ಲವೆ, ರಾಜ ತನ್ನ ಕಾಲು ಮುಟ್ಟಬಹುದೆ ಎಂಬ ಸಂಕೋಚ ಅದಾಗಿರಬೇಕು. ಆಮೇಲೆ ಮಗನೇ ಎಂದು ತಬ್ಬಿ, ಅಭಿಷೇಕದಿಂದ ನೆನೆದ ತಲೆಯನ್ನು ಕಣ್ಣೀರಿನಿಂದ ಮತ್ತೊಮ್ಮೆ ನೆನೆಸಿದ. ಇದನ್ನು ಕಂಡೇ ಭೀಮ, ನಿನಗೆ ಬಿಲ್ಲಲ್ಲ, ಚಾವಟಿ ತಕ್ಕದ್ದು ಎಂದು ನಕ್ಕದ್ದು. ಮೇಲೆ ಕುಳಿತಿದ್ದ ಕುಂತಿ ಆಗಲೇ ಒಮ್ಮೆ ಮೂರ್ಛೆ ಹೋಗಿ, ವಿದುರ ಚಂದನದ ನೀರು ಚಿಮುಕಿಸಿ ಎಚ್ಚರಿಸಿದ್ದ. ಎಚ್ಚರಗೊಂಡು ಆಕೆ ಸುಮ್ಮನೆ ನೋಡಿದಳು. ಆ ದಿನ ಆ ರಂಗದಲ್ಲಿ ಕರ್ಣನನ್ನು ಎಲ್ಲರೆದುರು ಮಗನೇ ಎಂದು ಕರೆದವನು ಒಬ್ಬನೇ.

ಕರ್ಣ ಇದನ್ನು ಮರೆಯಲಿಲ್ಲ. ಸಂಧಾನ ಮುರಿದ ಮೇಲೆ ಕೃಷ್ಣ ಅವನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯ ಹೇಳಿ, ರಾಜ್ಯವನ್ನೇ ಮುಂದಿಟ್ಟಾಗ ಅವನು ಕೊಟ್ಟ ಉತ್ತರವನ್ನು ವ್ಯಾಸರಲ್ಲಿ ಓದಬೇಕು. ನಮ್ಮ ಕುಮಾರವ್ಯಾಸನಲ್ಲಿ ಆ ಸನ್ನಿವೇಶದ ಭಾರವೆಲ್ಲ ದುರ್ಯೋಧನನ ಋಣದ ಮೇಲೆ ಬೀಳುತ್ತದೆ. ಕಾವ್ಯವಾಗಿ ಅದು ಅದ್ಭುತ, ಅದನ್ನು ಪಾಠ ಮಾಡಿ ದಣಿದವನಲ್ಲ ನಾನು. ವ್ಯಾಸರ ಕರ್ಣ ಮಾತ್ರ ದುರ್ಯೋಧನನಿಗಿಂತ ಮೊದಲು ಮನೆಯವರನ್ನು ನೆನೆಯುತ್ತಾನೆ. ನನ್ನನ್ನು ಕಂಡೊಡನೆ ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ತುಂಬಿತು, ನನ್ನ ಮಲಮೂತ್ರ ಬಳಿದವಳು ಅವಳು, ಅವಳ ಪಿಂಡವನ್ನು ನಾನು ಹೇಗೆ ತಪ್ಪಿಸಲಿ ಎನ್ನುತ್ತಾನೆ. ಅಧಿರಥ ನನಗೆ ಜಾತಕರ್ಮ ಮಾಡಿಸಿದ, ಹೆಸರಿಡಿಸಿದ, ಮದುವೆ ಮಾಡಿದ, ನನಗೀಗ ಮಕ್ಕಳು ಮೊಮ್ಮಕ್ಕಳಿದ್ದಾರೆ, ಇಡೀ ಭೂಮಿಯನ್ನೇ ಕೊಟ್ಟರೂ ಈ ಸಂಬಂಧವನ್ನು ಸುಳ್ಳು ಮಾಡಲಾರೆ ಎನ್ನುತ್ತಾನೆ. ಇದಾದ ಮೇಲೆ ಗಂಗೆಯ ದಡದಲ್ಲಿ ಕುಂತಿಯೇ ಬಂದು ನಿಂತಳು. ಅವಳು ಯಾರೆಂಬುದು ಅವನಿಗೆ ಅಷ್ಟರಲ್ಲಿ ತಿಳಿದಿದೆ. ಆದರೂ ಅವನು ತನ್ನನ್ನು ರಾಧೇಯನೆಂದು, ಅಧಿರಥನ ಮಗನೆಂದು ಹೇಳಿಕೊಂಡೇ ನಮಸ್ಕರಿಸುತ್ತಾನೆ. ನೀನು ರಾಧೇಯನಲ್ಲ, ಕೌಂತೇಯ ಎಂದು ಅವಳು ತಿದ್ದುತ್ತಾಳೆ. ಅವನು ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ಅವನು ಒಪ್ಪದ್ದನ್ನು ಅವನ ಪರವಾಗಿ ಒಪ್ಪಿಕೊಳ್ಳಲು ನಾವು ಯಾರು?

"ಅಷ್ಟು ಒಳ್ಳೆಯ ಮನೆಯಲ್ಲಿ ಬೆಳೆದವನು ತುಂಬಿದ ಸಭೆಯಲ್ಲಿ ದ್ರೌಪದಿಗೆ ಅಂಥ ಮಾತು ಆಡಿದನೇಕೆ?" ಎಂದು ಕೇಳುವವರಿದ್ದಾರೆ. ಆಡಬಾರದಾಗಿತ್ತು. ಅದು ಅವನ ದೋಷ, ಅವನ ಸಹವಾಸದ ದೋಷ. ಅದೇ ಸಭೆಯಲ್ಲಿ ತೊಡೆ ತೋರಿಸಿದವನೂ ಸೀರೆಗೆ ಕೈ ಹಾಕಿದವನೂ ಗಾಂಧಾರಿಯ ಹೊಟ್ಟೆಯಲ್ಲಿ ಹುಟ್ಟಿ ಅರಮನೆಯಲ್ಲಿಯೇ ಬೆಳೆದವರು. ಅವರ ತಪ್ಪಿಗೆ ಯಾರೂ ಕುರುವಂಶದ ರಕ್ತವನ್ನು ಪರೀಕ್ಷೆ ಮಾಡುವುದಿಲ್ಲ. ದತ್ತು ಮಕ್ಕಳ ವಿಷಯದಲ್ಲಿ ಮಾತ್ರ ತುಂಟತನ ಮಾಡಿದರೆ "ಯಾರ ರಕ್ತವೋ" ಎನ್ನುತ್ತೇವೆ, ಮಾರ್ಕ್ಸು ತೆಗೆದರೂ "ಯಾರ ರಕ್ತವೋ" ಎನ್ನುತ್ತೇವೆ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ದತ್ತು ಸ್ವೀಕಾರವಾದ ದಿನದಿಂದಲೇ ಮಗು ಎಲ್ಲ ರೀತಿಯಲ್ಲಿಯೂ ಆ ತಂದೆತಾಯಿಯ ಮಗು. ಕಾನೂನಿಗೆ ತಿಳಿದು ಇಷ್ಟು ವರ್ಷಗಳಾದವು. ನಮ್ಮ ನಾಲಗೆಗೆ ಇನ್ನೂ ತಿಳಿದಿಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

1985ರ ಸುಮಾರು. ರೈಲ್ವೆ ಸ್ಟೇಷನ್ ಇದ್ದ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಕುಮಾರವ್ಯಾಸನನ್ನು ತೆಗೆದುಕೊಳ್ಳುವ ಮುನ್ನ ಪೀಠಿಕೆಯಾಗಿ ಕರ್ಣನ ಜನ್ಮವೃತ್ತಾಂತ ಹೇಳುವುದು ನನ್ನ ಪದ್ಧತಿ. ಆ ಪೀಠಿಕೆಯ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಗದ್ಗದ ಕಂಠ, ನಡುನಡುವೆ ಮೌನ, ಮುಂದಿನ ಬೆಂಚಿನ ಹುಡುಗಿಯರ ಕಣ್ಣಲ್ಲಿ ನೀರು. ಅಂದೂ "ಸೂರ್ಯನ ಮಗ, ಕೊನೆಗೆ ಗಾಡಿ ಹೊಡೆಯುವವನ ಮನೆಯಲ್ಲಿ ಬೆಳೆಯಬೇಕಾಯಿತು" ಎಂದು ಹೇಳಿ, ಪರಿಣಾಮಕ್ಕಾಗಿ ನಿಲ್ಲಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಗಾಡಿ ಹೊಡೆಯೋರ ಮನೇಲಿ ಬೆಳೆದ್ರೆ ಏನಾಯ್ತು ಸಾರ್?"

ತರಗತಿ ಗೊಳ್ಳೆಂದು ನಕ್ಕಿತು. ಅವನ ತಂದೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಕಥೆಯ ಭರದಲ್ಲಿ ಮರೆತಿದ್ದೆ, ಅಷ್ಟೆ. "ಕೂತ್ಕೊಳೋ, ಪಾಠದ ಮಧ್ಯೆ ಮಾತಾಡಬೇಡ" ಎಂದೆ. ಅವನು ಕುಳಿತ.

ಇಷ್ಟಕ್ಕೇ ಮುಗಿದಿದ್ದರೆ ಮರೆತುಹೋಗುತ್ತಿತ್ತೇನೋ. ಅದೇ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ ತುಂಬಿಸುವ ಕೆಲಸ ನನ್ನದಾಗಿತ್ತು. ದಾಖಲಾತಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತಂದೆಯ ಕಲಂ ಖಾಲಿ. ಜಟಕಾದವರ ಹೆಸರು ಪೋಷಕರ ಕಲಂನಲ್ಲಿತ್ತು. ಆಗ ನನಗೆ ವಿಷಯ ತಿಳಿಯಿತು. ಹುಡುಗನನ್ನು ಕರೆದು, ಸಿಬ್ಬಂದಿಯ ಕೋಣೆಯಲ್ಲಿ, ಇನ್ನೂ ಮೂವರು ಉಪಾಧ್ಯಾಯರು ಕುಳಿತಿರುವಾಗ, "ನಿನ್ನ ನಿಜವಾದ ತಂದೆಯ ಹೆಸರು ಏನಪ್ಪಾ?" ಎಂದು ಕೇಳಿದೆ. ಅವನು ಜಟಕಾದವರ ಹೆಸರನ್ನೇ ಹೇಳಿದ. "ಅದಲ್ಲ, ನಿಜವಾದ ತಂದೆ" ಎಂದು ಮತ್ತೆ ಕೇಳಿದೆ. ಅವನು ಮತ್ತೆ ಅದೇ ಹೆಸರು ಹೇಳಿ, "ಇನ್ಯಾರೂ ಇಲ್ಲ ಸಾರ್" ಎಂದ. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಮಾರನೆಯ ದಿನ ಅವರೇ ಬಂದರು. ಗೇಟಿನ ಹೊರಗೆ ಜಟಕಾ ನಿಲ್ಲಿಸಿ, ಕೈಯಲ್ಲಿ ಚಾವಟಿ ಹಾಗೆಯೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ನಿಂತರು. "ಸ್ವಾಮೀ, ಹುಡುಗ ರಾತ್ರಿ ಊಟ ಮಾಡ್ಲಿಲ್ಲ. ನನ್ನ ಹೆಸರು ಬರ್ಕೊಂಡ್ರೆ ಅವನ ಓದಿಗೆ ಏನಾದ್ರೂ ತೊಂದ್ರೆ ಆಗ್ತದಾ?" ಎಂದು ಕೇಳಿದರು. ತೊಂದರೆ ಏನೂ ಇಲ್ಲವೆಂದು ಹೇಳಿ ಬರೆದುಕೊಂಡೆ. ಕ್ಷಮೆ ಕೇಳಬೇಕೆಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಮೂವತ್ತರ ಹರೆಯದ ಮೇಷ್ಟರು ಜಟಕಾದವರ ಮುಂದೆ ಕ್ಷಮೆ ಕೇಳುತ್ತಿದ್ದೆನೆಂಬ ಭರವಸೆ ನನಗಿಲ್ಲ.

ಹುಡುಗ ಪಾಸಾದ. ಮೊದಲ ದರ್ಜೆಯಲ್ಲ, ಆದರೆ ಕನ್ನಡದಲ್ಲಿ ಒಳ್ಳೆಯ ಅಂಕಗಳಿದ್ದವು. ಅಂಕಪಟ್ಟಿ ತೆಗೆದುಕೊಂಡು ಹೋದ ಮೇಲೆ ಅವನನ್ನು ನಾನು ನೋಡಲಿಲ್ಲ. ಎರಡು ವರ್ಷಕ್ಕೆ ನನಗೂ ವರ್ಗವಾಯಿತು.

ಆ ಬ್ಯಾಚಿನವರು ಕೆಲವರು ಈ ಪುಟವನ್ನು ಓದುತ್ತೀರಿ. ನಿಮಗೀಗ ಐವತ್ತೈದು ಸಮೀಪಿಸಿರಬೇಕು. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾರೆಂದು ನಿಮಗೆ ತಿಳಿದಿರುತ್ತದೆ. ನಕ್ಕವರಲ್ಲಿ ನೀವೂ ಇದ್ದಿರಿ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ, ನಗುವಂತೆ ಮಾಡಿದವನು ನಾನು. ಅವನು ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೆ ತಿಳಿಸಿ. ಅಂದು ತರಗತಿಯಲ್ಲಿ ಅವನು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.